ಅವಳ ವ್ರತ, ಅವನ ಪುಸ್ತಕ

ಕ್ರೈಸ್ತ ಶ್ರದ್ಧೆಯ ಬಲದಿಂದ ಕಾಮವನ್ನು ಗೆದ್ದವರು ಯಾರೆಂದು ಕೇಳಿದರೆ, ಓದುವ ಹವ್ಯಾಸದವರು ಮೊದಲು ಹೇಳುವ ಹೆಸರು ಸಂತ ಅಗಸ್ಟೀನನದು. 13 ಭಾಗಗಳ ಅವನ 'ಕನ್ಫೆಷನ್ಸ್' ಕೂಡ ಹಾಗೆಯೇ ಪ್ರಸಿದ್ಧ: ದಾರಿ ತಪ್ಪಿದ ಹುಡುಗ ಸಂತನಾದ ಕಥೆ. ಈ ಮಳೆಗಾಲದಲ್ಲಿ ಬೊರಿವಲಿ–ಚರ್ಚ್‌ಗೇಟ್ ಲೋಕಲ್‌ನಲ್ಲಿ ನಿಂತುಕೊಂಡೇ ಪೈನ್-ಕಾಫಿನ್ ಅವರ 1961ರ ಪೆಂಗ್ವಿನ್ ಅನುವಾದವನ್ನು ಎರಡನೇ ಸಲ ಓದಿ ಮುಗಿಸಿದೆ. ಆ ಖ್ಯಾತಿ ಅರ್ಧ ಮಾತ್ರ ಸರಿ ಅನ್ನಿಸಿತು.

ನಮ್ಮಂಥವರಿಗೆ ಅಗಸ್ಟೀನ್ ಹತ್ತಿರವಾಗಲು ಇನ್ನೊಂದು ಕಾರಣವಿದೆ. ಅವನೂ ವಲಸಿಗ. 354ರಲ್ಲಿ ಇಂದಿನ ಅಲ್ಜೀರಿಯದ ತಗಾಸ್ತೆ ಎಂಬ ಸಣ್ಣ ಊರಲ್ಲಿ ಹುಟ್ಟಿದವನು ಓದಲು ಕಾರ್ಥೇಜಿಗೆ ಹೋದ. 383ರಲ್ಲಿ ರೋಮ್, ಮರುವರ್ಷ ಮಿಲಾನ್. ಅಲ್ಲಿ ಭಾಷಣಕಲೆ ಕಲಿಸುವ ದೊಡ್ಡ ಹುದ್ದೆಯಲ್ಲಿದ್ದರೂ ತನ್ನ ಉಚ್ಚಾರಣೆಯಲ್ಲಿ ಇಟಲಿಯವರು ತಪ್ಪು ಹುಡುಕುತ್ತಾರೆಂದು ಬೇರೊಂದು ಕೃತಿಯಲ್ಲಿ ಹೇಳಿಕೊಂಡಿದ್ದಾನೆ. ಆಫೀಸಿನಲ್ಲಿ ಹಿಂದಿ ಮಾತಾಡಿ ನಗೆಗೀಡಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಲೋಭನೆಯ ಬಗ್ಗೆ ಈ ಪುಸ್ತಕದಲ್ಲಿರುವ ಅತ್ಯುತ್ತಮ ಪ್ರಸಂಗ ಕಾಮಕ್ಕೆ ಸಂಬಂಧಿಸಿದ್ದೇ ಅಲ್ಲ. ಆರನೇ ಭಾಗದಲ್ಲಿ ಗೆಳೆಯ ಅಲೀಪಿಯಸ್ ಕಾನೂನು ಓದಲು ರೋಮಿಗೆ ಬಂದಿದ್ದಾನೆ. ಗ್ಲಾಡಿಯೇಟರ್ ಕಾಳಗವೆಂದರೆ ಅವನಿಗೆ ಹೇಸಿಗೆ. ಸಹಪಾಠಿಗಳು ಎಳೆದುಕೊಂಡು ಹೋಗುತ್ತಾರೆ. ಮೈ ಅಲ್ಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ ಎಂದು ಪಂಥ ಕಟ್ಟಿ ಅವನು ಕಣ್ಣು ಮುಚ್ಚಿ ಕೂರುತ್ತಾನೆ. ಆದರೆ ಕಿವಿ ಮುಚ್ಚಿಕೊಂಡಿಲ್ಲ. ಜನ ಒಮ್ಮೆಲೇ ಹೋ ಎಂದಾಗ ಕಣ್ಣು ತೆರೆಯುತ್ತದೆ, ರಕ್ತ ಕಾಣುತ್ತದೆ, ಅಲ್ಲಿಂದ ದೃಷ್ಟಿ ಕೀಳಲಾಗುವುದಿಲ್ಲ. ಮುಂದೆ ಇತರರನ್ನು ಕರೆದುಕೊಂಡು ಹೋಗುವವನೇ ಅವನು. ರಾತ್ರಿ ಪಿಜಿಯ ಕೋಣೆಯಲ್ಲಿ ಫೋನನ್ನು ಮಗುಚಿಟ್ಟು ಮಲಗುವ ಶಪಥ ಮಾಡಿದವರಿಗೆಲ್ಲ ಈ ಕಥೆ ಗೊತ್ತು. ಅಲೀಪಿಯಸ್ ಸೋತದ್ದು ದುರ್ಬಲನಾಗಿದ್ದಕ್ಕಲ್ಲ, ದೇವರನ್ನು ಬಿಟ್ಟು ತನ್ನನ್ನೇ ನಂಬಿದ್ದಕ್ಕೆ ಎಂಬುದು ಅಗಸ್ಟೀನನ ತೀರ್ಮಾನ.

ಅವನ ಕ್ರೈಸ್ತ ಉತ್ತರವೆಲ್ಲ ನಿಂತಿರುವುದು ಇದರ ಮೇಲೆ. ಎಂಟನೇ ಭಾಗದಲ್ಲಿ ಅವನು ಒಂದು ಸರಪಳಿ ಬಿಡಿಸಿ ತೋರಿಸುತ್ತಾನೆ. ಕೆಟ್ಟ ಇಚ್ಛೆಯಿಂದ ಕಾಮ, ಕಾಮಕ್ಕೆ ಮಣಿದರೆ ಚಟ, ಚಟವನ್ನು ತಡೆಯದಿದ್ದರೆ ಅನಿವಾರ್ಯ. ತಾನೇ ಹೆಣೆದ ಸರಪಳಿಯನ್ನು ತನ್ನ ಬಲದಿಂದ ಮುರಿಯಲಾಗದು. 386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತಿದ್ದಾಗ ಪಕ್ಕದ ಮನೆಯಿಂದ ಮಗುವಿನ ದನಿಯೊಂದು ಓದೆಂದು ಹೇಳಿದಂತೆ ಕೇಳಿಸುತ್ತದೆ. ಪೌಲನು ರೋಮನರಿಗೆ ಬರೆದ ಪತ್ರ ತೆರೆಯುತ್ತಾನೆ, ಮನಸ್ಸು ನಿಲ್ಲುತ್ತದೆ. ಈ ದೃಶ್ಯ ಎಷ್ಟು ಪ್ರಸಿದ್ಧವೆಂದರೆ ಬಹಳ ಜನ ಪುಸ್ತಕವನ್ನು ಇಲ್ಲಿಗೇ ಮುಚ್ಚುತ್ತಾರೆ.

ಮುಚ್ಚಬಾರದು. ಪಂಪನ ಆದಿಪುರಾಣದಲ್ಲಿ ನೀಲಾಂಜನೆ ಕುಣಿಯುತ್ತಲೇ ಇಲ್ಲವಾದದ್ದನ್ನು ಕಂಡ ಪುರುದೇವನಿಗೆ ಹುಟ್ಟಿದ ವೈರಾಗ್ಯ ಮತ್ತೆ ಕದಲುವುದಿಲ್ಲ. ಅಗಸ್ಟೀನನದು ಹಾಗಲ್ಲ. ತೋಟದ ಘಟನೆಯಾಗಿ ಹತ್ತು ವರ್ಷಕ್ಕೂ ಹೆಚ್ಚು ಕಳೆದಿದೆ, ಬಿಷಪ್ ಆಗಿದ್ದಾನೆ. ಆದರೂ ಹತ್ತನೇ ಭಾಗದಲ್ಲಿ, ಹಳೆಯ ಚಿತ್ರಗಳು ನಿದ್ದೆಯಲ್ಲಿ ಬರುತ್ತವೆ, ಎಚ್ಚರದಲ್ಲಿ ತಳ್ಳಿಹಾಕುವುದಕ್ಕೆ ಕನಸಿನಲ್ಲಿ ತಾನು ಒಪ್ಪಿಯೇಬಿಡುತ್ತೇನೆ ಎಂದು ಬರೆಯುತ್ತಾನೆ. ಯಾವ ಮಠಾಧಿಪತಿ ಇದನ್ನು ತನ್ನ ಹೆಸರಲ್ಲಿ ಬರೆದಾನು! ದೇವರು ಏನನ್ನು ವಿಧಿಸುತ್ತಾನೋ ಅದನ್ನು ಪಾಲಿಸುವ ಶಕ್ತಿಯನ್ನೂ ಅವನೇ ಕೊಡಬೇಕೆಂಬ ಮೊರೆ ಇದೇ ಭಾಗದಲ್ಲಿದೆ. ಅದನ್ನು ಕೇಳಿ ಪೆಲಾಜಿಯಸ್ ರೋಮಿನಲ್ಲಿ ಸಿಟ್ಟಾದನಂತೆ. ಮನುಷ್ಯನ ಪ್ರಯತ್ನಕ್ಕೆ ಹಾಗಾದರೆ ಬೆಲೆಯೇನು ಎಂಬುದು ಅವನ ತಕರಾರು. ನ್ಯಾಯವಾದ ತಕರಾರೇ. ಆದರೆ ಕಾಮದ ವಿಷಯದಲ್ಲಿ ಅಗಸ್ಟೀನನ ಅನುಭವವೇ ನನಗೆ ಹೆಚ್ಚು ನಂಬಿಕೆಗೆ ಯೋಗ್ಯವಾಗಿ ಕಾಣುತ್ತದೆ.

ಇಷ್ಟು ಪ್ರಾಮಾಣಿಕನಾದವನು ಒಂದು ಕಡೆ ಅವಸರ ಮಾಡುತ್ತಾನೆ. ಕಾರ್ಥೇಜಿನ ದಿನಗಳಿಂದ ಸುಮಾರು 15 ವರ್ಷ ಅವನೊಂದಿಗೆ ಒಬ್ಬ ಹೆಂಗಸು ಬಾಳಿದಳು. ಮದುವೆಯಿಲ್ಲ, ಆದರೆ ತಾನು ಅವಳೊಬ್ಬಳಿಗೇ ನಿಷ್ಠನಾಗಿದ್ದೆ ಎಂದು ಅವನೇ ಹೇಳುತ್ತಾನೆ. ಅವರ ಮಗ ಅದೆಯೋದಾತುಸ್, ದೇವರು ಕೊಟ್ಟವನು ಎಂದರ್ಥ, ನಮ್ಮಲ್ಲಾದರೆ ದೇವದತ್ತ. ಮಿಲಾನಿನಲ್ಲಿ ತಾಯಿ ಮೋನಿಕಾ ಮುಂದೆ ನಿಂತು ಹುಡುಗಿಯೊಬ್ಬಳನ್ನು ಗೊತ್ತು ಮಾಡುತ್ತಾಳೆ. ಕಾನೂನಿನ ವಯಸ್ಸಿಗೆ ಅವಳಿಗೆ ಇನ್ನೂ ಎರಡು ವರ್ಷ ಕಡಿಮೆ. ಆ ಸಂಬಂಧಕ್ಕೆ ಅಡ್ಡಿಯೆಂದು ಹಳೆಯ ಜೊತೆಗಾತಿಯನ್ನು ಆಫ್ರಿಕಾಕ್ಕೆ ಕಳಿಸಲಾಗುತ್ತದೆ. 'ಕಳಿಸಲಾಗುತ್ತದೆ' ಎಂದು ನಾನು ಬೇಕೆಂದೇ ಬರೆದೆ, ಏಕೆಂದರೆ ಅವನ ಲ್ಯಾಟಿನ್ ವಾಕ್ಯದಲ್ಲೂ ಕರ್ತೃ ಇಲ್ಲ. ಪಕ್ಕದಿಂದ ಕೀಳಲ್ಪಟ್ಟಳಂತೆ, ಕಿತ್ತವರು ಯಾರು? ಮಗ ಅಪ್ಪನ ಬಳಿ ಉಳಿಯುತ್ತಾನೆ.

ಹೊರಡುವಾಗ ಅವಳು ಇನ್ನೊಬ್ಬ ಗಂಡಸನ್ನು ಕೂಡುವುದಿಲ್ಲವೆಂದು ದೇವರಿಗೆ ವ್ರತ ಹೊತ್ತಳು ಎಂದು ಅಗಸ್ಟೀನ್ ಬರೆಯುತ್ತಾನೆ. ಅವನೋ, ಆ ಹುಡುಗಿ ಬೆಳೆಯುವ ಎರಡು ವರ್ಷ ತಡೆಯಲಾರದೆ ಮತ್ತೊಬ್ಬಳನ್ನು ಇಟ್ಟುಕೊಂಡ. ಒಬ್ಬ ಹೆಂಗಸನ್ನು ಅನುಸರಿಸುವಷ್ಟೂ ತನ್ನಿಂದಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ, ಗಾಯ ಮಾಯದೆ ಕೀವಾಯಿತೆಂದೂ ಹೇಳುತ್ತಾನೆ. ಹಾಗಿದ್ದರೆ ಈ ಪುಸ್ತಕದಲ್ಲಿ ದೇವರ ಹೆಸರಲ್ಲಿ ಮೊದಲು ಕಾಮವನ್ನು ಬಿಟ್ಟವಳು ಅವಳು. ತೋಟವಿಲ್ಲ, ಮಗುವಿನ ದನಿಯಿಲ್ಲ, ಪೌಲನ ಪತ್ರವಿಲ್ಲ. ಅವಳಿಗೆ ಸಿಕ್ಕಿದ್ದು ಅರ್ಧ ವಾಕ್ಯ. ಹುಡುಗಾಟಕ್ಕೆ ಪೇರಲದಂಥ ಪೇರ್ ಹಣ್ಣು ಕದ್ದದ್ದಕ್ಕೆ ಎರಡನೇ ಭಾಗದಲ್ಲಿ ಪುಟಗಟ್ಟಲೆ ಜಾಗವಿದೆ.

ಅವಳ ವ್ರತ ಎಷ್ಟು ಮನಸಾರೆ, ಎಷ್ಟು ಬೇರೆ ದಾರಿಯಿಲ್ಲದೆ ಎಂದು ಕೇಳಬಹುದು. ಕೇಳಬೇಕು ಕೂಡ. ಆದರೆ ಅದೇ ಪ್ರಶ್ನೆಯನ್ನು ಅವನಿಗೆ ಕೇಳಿದಾಗ ಎಂಟನೇ ಭಾಗವಿಡೀ ಉತ್ತರವಾಗಿ ಸಿಗುತ್ತದೆ. ಅವಳ ಉತ್ತರ ಬರೆದಿಡುವವರು ಇರಲಿಲ್ಲ.

ಹೆಸರು ಹೇಳದಿದ್ದುದನ್ನೇ ದೊಡ್ಡ ಅಪರಾಧ ಮಾಡಲು ನಾನು ತಯಾರಿಲ್ಲ. ಪುಟಪುಟದಲ್ಲಿರುವ ತಾಯಿಯ ಹೆಸರೂ ಬರುವುದು ಒಂದೇ ಸಲ, ಒಂಬತ್ತನೇ ಭಾಗದ ಕೊನೆಯಲ್ಲಿ, ಅವಳು ಸತ್ತ ಮೇಲೆ. ಪುಸ್ತಕ ಹೊರಬಂದಾಗ ಆ ಹೆಂಗಸು ಬದುಕಿದ್ದಿರಬಹುದು, ಮರ್ಯಾದೆ ಕಾಯಲೆಂದೇ ಹೆಸರು ಬಿಟ್ಟಿರಬಹುದು.

387ರ ಈಸ್ಟರ್‌ನಲ್ಲಿ ಅಗಸ್ಟೀನ್ ಮಗನೊಂದಿಗೆ ದೀಕ್ಷಾಸ್ನಾನ ಪಡೆದ. ಮರುವರ್ಷ ಇಬ್ಬರೂ ಆಫ್ರಿಕಾಕ್ಕೆ, ಅವಳನ್ನು ಕಳಿಸಿದ್ದ ಅದೇ ನೆಲಕ್ಕೆ, ಮರಳಿದರು. ಸ್ವಲ್ಪ ಕಾಲದಲ್ಲೇ ಹುಡುಗ ತೀರಿಕೊಂಡ, ಹದಿನೇಳರ ಆಸುಪಾಸು. ಆ ಸುದ್ದಿ ತಾಯಿಗೆ ಮುಟ್ಟಿತೇ ಎಂಬುದು ಪುಸ್ತಕದಲ್ಲಿಲ್ಲ.