ಕಂಡರೂ ಪ್ರಮಾಣಿಸಿ ನೋಡುವ ಕಸುಬು

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ತರಗತಿಯಲ್ಲಾಗಲಿ, ಬೆಂಗಳೂರಿನ ಕಚೇರಿಯಲ್ಲಾಗಲಿ, ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿದೊಡನೆ ಗೋಡೆಯ ಮೇಲೆ ಚಿತ್ರ ಮೂಡುವುದು ನಮಗೀಗ ಸಹಜ. ಅದರ ಹಿಂದಿರುವ ಗ್ರಾಫಿಕ್ಸ್ ಡ್ರೈವರಿನ ಹಿರಿಮೆ ಇರುವುದು ಚುರುಕುತನಕ್ಕಿಂತ ಹೆಚ್ಚಾಗಿ ಅದರ ಅನುಮಾನದಲ್ಲಿ. ಎಚ್‌ಡಿಎಂಐ ಕೇಬಲಿನ 19ನೇ ಪಿನ್ನಿನಲ್ಲಿ ವೋಲ್ಟೇಜ್ ಏರಿದರೆ ಯಾರೋ ಬಂದಿದ್ದಾರೆಂಬ ಸುಳಿವು ಸಿಕ್ಕಿತು, ಅಷ್ಟೇ. ಕೆಲವು ಅಡಾಪ್ಟರುಗಳು ತಮ್ಮಾಚೆ ಪರದೆಯೇ ಇಲ್ಲದಾಗಲೂ ಆ ಸುಳಿವು ಕೊಡುತ್ತವೆ. ಆದ್ದರಿಂದ ಡ್ರೈವರ್ ಪರದೆಯಿಂದ ಇಡಿಐಡಿ ಎಂಬ 128 ಬೈಟಿನ ಪರಿಚಯಪತ್ರ ತರಿಸಿಕೊಂಡು, ಅಷ್ಟೂ ಬೈಟುಗಳ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗುವುದೇ ಎಂದು ಪರೀಕ್ಷಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇಷ್ಟೆಲ್ಲ ಏಕೆ, ಆಗಾಗ ತಾನೇ ಇಣುಕಿ ನೋಡಿದರೆ ಸಾಲದೇ ಎನ್ನಬಹುದು. ಸುಳಿವಿನ ಪಿನ್ನೇ ಇಲ್ಲದ ಹಳೆಯ ವಿಜಿಎಗೆ ಲಿನಕ್ಸ್ 10 ಸೆಕೆಂಡಿಗೊಮ್ಮೆ ಹಾಗೆಯೇ ಮಾಡುತ್ತದೆ. ಆದರೆ ಎಲ್ಲಕ್ಕೂ ಅದನ್ನೇ ಮಾಡಿದರೆ ಮಲಗಿದ ಚಿಪ್ ಪದೇ ಪದೇ ಎದ್ದು ಬ್ಯಾಟರಿ ಕರಗುತ್ತದೆ. ಸುಳಿವನ್ನೇ ನೆಚ್ಚಿದರೂ ಕಷ್ಟ: ಕೆಟ್ಟ ಕೇಬಲ್ ಸೆಕೆಂಡಿಗೆ ಹತ್ತಾರು ಸಲ ಬಾಗಿಲು ಬಡಿಯಬಲ್ಲದು. ಆಗ ಇಂಟೆಲ್‌ನ ಲಿನಕ್ಸ್ ಡ್ರೈವರ್ ಆ ಬಡಿತಕ್ಕೆ 2 ನಿಮಿಷ ಕಿವಿಮುಚ್ಚಿ, ತಾನೇ ಹೋಗಿ ವಿಚಾರಿಸುವ ಪದ್ಧತಿಗೆ ಹೊರಳುತ್ತದೆ. ಯಾವಾಗ ಕೇಳಬೇಕು, ಯಾವಾಗ ಕೇಳಿಸಿಕೊಳ್ಳಬಾರದು ಎಂಬ ಈ ವಿವೇಕವೇ ಮೆಚ್ಚತಕ್ಕ ಕಸುಬು.