ಮೈ ಬೇಕೇ ಈ ಗಾಡಿಗೆ?

1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಮೊದಲ ಗೋ-ಕಾರ್ಟ್ ಕಟ್ಟಿದಾಗ ಅದಕ್ಕೆ ಮೈ ಎಂಬುದೇ ಇರಲಿಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು, ನಾಲ್ಕು ಪುಟ್ಟ ಗಾಲಿ, ಒಂದು ಸೀಟು, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಮಾಡಿದ ಎಂಜಿನ್, ಇಷ್ಟೇ. ಇಂಗೆಲ್ಸ್ ರೇಸ್ ಕಾರು ಕಟ್ಟುವ ಕುರ್ಟಿಸ್ ಕ್ರಾಫ್ಟ್ ಕಂಪನಿಯ ಕೆಲಸಗಾರ. ಚಂದದ ಮೈ ಹೊದಿಸುವುದು ಗೊತ್ತಿಲ್ಲದವನಲ್ಲ. ಹಗುರ ಕಟ್ಟಿಗೆಗೆ ಫೈಬರ್ ಹೊದಿಸಿ ಮನೆಯಲ್ಲೇ ಕಾರ್ಟಿನ ಮೈ ಮಾಡುವ ಹವ್ಯಾಸವನ್ನು ವಿಮರ್ಶಿಸುವಾಗ ಈ ಬರಿಮೈ ಗಾಡಿಯನ್ನು ಮರೆಯುವಂತಿಲ್ಲ. ಮೈ ಇಲ್ಲದೆಯೂ ಓಡುವ ಗಾಡಿಗೆ ಮೈ ಕಟ್ಟಿದರೆ, ಅದು ಏನೋ ಒಂದು ಕೆಲಸಕ್ಕೆ ಬರಲೇಬೇಕಲ್ಲ?

ನಮ್ಮ ಕಡೆಯ ಹುಡುಗರ ಬೇರಿಂಗ್ ಗಾಡಿಯೂ ಬರಿಮೈಯದೇ. ಗ್ಯಾರೇಜಿನವರು ಬಿಸಾಕಿದ ಮೂರು ಬೇರಿಂಗು, ಒಂದು ಹಲಗೆ, ಮುಂದೆ ಅಡ್ಡಪಟ್ಟಿ, ತಿರುಗಿಸಲು ಹಗ್ಗ ಇಲ್ಲವೆ ಕಾಲು. ರಾಯಚೂರು ಜಿಲ್ಲೆಯ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸಾಲಾಗಿ ಬರುವ ಊರುಗಳು. ಟ್ರ್ಯಾಕ್ಟರು, ಟ್ರೇಲರು, ಲಾರಿಗಳನ್ನೇ ನಂಬಿದ ವೆಲ್ಡಿಂಗ್ ಅಂಗಡಿಗಳಿಗೆ ಇಲ್ಲಿ ಕೊರತೆಯಿಲ್ಲ. ಚೌಕಟ್ಟು ಬೆಸೆಯುವುದು ಇಲ್ಲಿಯವರಿಗೆ ನಿತ್ಯದ ಕೆಲಸ. ತೊಡಕು ಶುರುವಾಗುವುದು ಅದಕ್ಕೆ ಅಂಗಿ ತೊಡಿಸಲು ಹೊರಟಾಗ.

ಹಾಗಾದರೆ ಮೈ ಯಾತಕ್ಕೆ? ಗಾಳಿ ಸೀಳಲು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ, ಅರ್ಧ ಮೈ ಹೊರಗಿಟ್ಟು ಕೂತವನ ಮುಂದೆ ಮೂತಿಯನ್ನು ಎಷ್ಟು ಚೂಪು ಮಾಡಿದರೂ ಗಳಿಕೆ ಅಷ್ಟಕ್ಕಷ್ಟೇ. ಈ ಸೀಮೆಯಲ್ಲಿ ಮೈಯ ನಿಜವಾದ ಕೆಲಸ ಕೆಳಗಿದೆ. ಕಾರ್ಟಿನ ಹೊಟ್ಟೆಗೂ ನೆಲಕ್ಕೂ ನಡುವೆ ಕೆಲವೇ ಬೆರಳಿನ ಅಂತರ. ಲಿಂಗಸುಗೂರು, ಮಸ್ಕಿ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಗರಸು ಹಾಕಿದ ಕಡೆ ಕಲ್ಲು ಹಾರುತ್ತದೆ. ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆ ದಾರಿಗಳಲ್ಲಿ ಕೆಸರೇ ಕೆಸರು. ಇವನ್ನೆಲ್ಲ ತಡೆಯುವ ತಳ, ಕಾಲು ಮುಂದಿನ ಗಾಲಿಗೆ ಸಿಗದಂತೆ ಕಾಯುವ ಮೂತಿ: ಈ ಎರಡಕ್ಕೆ ಮೈ ಬೇಕು. ಉಳಿದದ್ದು ಶೋಕಿ. ಶೋಕಿ ತಪ್ಪೆನ್ನುತ್ತಿಲ್ಲ, ಆದರೆ ಅದರ ಭಾರವನ್ನು ಎಂಜಿನ್ ಹೊರಬೇಕು.

ಹಗುರ ಕಟ್ಟಿಗೆ, ಅದರ ಮೇಲೆ ಫೈಬರ್ ಎಂಬ ಸಾಮಗ್ರಿಯ ಆಯ್ಕೆಯನ್ನಂತೂ ಮೆಚ್ಚಲೇಬೇಕು. ಗಂಗಾವತಿ ದಾಟಿ ಕೊಪ್ಪಳದ ಕಡೆ ಹೋದರೆ ಸಿಗುವ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದೂ ಬಹುಪಾಲು ಇದನ್ನೇ. (1997ರವರೆಗೆ ಕೊಪ್ಪಳವೂ ರಾಯಚೂರು ಜಿಲ್ಲೆಯೊಳಗೇ ಇತ್ತು, ಹಾಗಾಗಿ ಇದು ಪರಸ್ಥಳದ ವಿದ್ಯೆಯೇನಲ್ಲ.) ಅಲ್ಲಿ ತೀರ ಹಗುರವಾದ ಮರದಲ್ಲಿ ಗೊಂಬೆಯ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿ ನಾರಿಗೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ. ಹಗುರ ಮರದ ಒಡಲು, ನಾರಿನ ತೊಗಲು, ಎರಡನ್ನೂ ಒಂದು ಮಾಡುವ ಅಂಟು. ಹುಣಸೆ ಬೀಜದ ಜಾಗದಲ್ಲಿ ರೆಸಿನ್, ಹತ್ತಿ ಬಟ್ಟೆಯ ಜಾಗದಲ್ಲಿ ಗಾಜಿನ ನಾರು ಬಂದರೆ ಅದೇ ಕಾರ್ಟಿನ ಮೈ.

ಒಳಗಿನ ಲೆಕ್ಕವೂ ಗಟ್ಟಿಯಾದದ್ದೇ. ಹಲಗೆ ಬಾಗುವಾಗ ಹೊರಪದರ ಹಿಗ್ಗುತ್ತದೆ, ಒಳಪದರ ಕುಗ್ಗುತ್ತದೆ. ನಡುವಿನದಕ್ಕೆ ಅಂಥ ಶ್ರಮವಿಲ್ಲ. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಬಿಗುವು ಎಂಟು ಪಟ್ಟಾಗುತ್ತದೆ. ಆದ್ದರಿಂದ ನಡುವೆ ಹಗುರವಾದ ಕಟ್ಟಿಗೆ ಇಟ್ಟು ದಪ್ಪ ಕೊಡುವುದು, ಬಲವಾದ ನಾರನ್ನು ಎರಡೂ ಬದಿಗೆ ತೆಳ್ಳಗೆ ಹೊದಿಸುವುದು. ಒಂದೇ ಬದಿಗೆ ಫೈಬರ್ ಹಚ್ಚಿ ಒಳಗಿನದು ಯಾರಿಗೂ ಕಾಣದೆಂದು ಬಿಟ್ಟರೆ ಅರ್ಧ ವಿದ್ಯೆ ಕೈಬಿಟ್ಟಂತೆ. ಹಸಿ ಹಿಡಿದ ಮಳೆಗಾಲದಲ್ಲಿ ಕಟ್ಟಿಗೆ ಆ ಬದಿಯಿಂದಲೇ ನೀರು ಕುಡಿದು ಸೊಟ್ಟಗಾಗುತ್ತದೆ.

ಕೈ ತಪ್ಪುವುದು ಹೆಚ್ಚಾಗಿ ತೂಕದಲ್ಲಿ. ಒಂದು ಚದರ ಮೀಟರಿನ 4 ಮಿಲಿಮೀಟರ್ ಪ್ಲೈವುಡ್ ಹೆಚ್ಚುಕಡಿಮೆ 2.4 ಕಿಲೋ ತೂಗುತ್ತದೆ. ಚದರ ಮೀಟರಿಗೆ 450 ಗ್ರಾಂ ಇರುವ, ತುಂಡು ನಾರಿನ ಮ್ಯಾಟು ತನ್ನ ಎರಡು ಪಟ್ಟಿಗೂ ಮಿಗಿಲಾಗಿ ರೆಸಿನ್ ಹೀರುತ್ತದೆ; ಒಂದು ಪದರ ಸುಮಾರು 1.4 ಕಿಲೋ. ಅದರ ಬದಲು ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಗಾಜಿನ ಬಟ್ಟೆ ತನ್ನಷ್ಟೇ ತೂಕದ ರೆಸಿನ್ ಕುಡಿಯುತ್ತದೆ. ಪದರಕ್ಕೆ 400 ಗ್ರಾಂ ಆದೀತು. ಮೂರು ಚದರ ಮೀಟರಿನ ಮೈಗೆ ಎರಡೂ ಬದಿ ಮ್ಯಾಟು ಹಚ್ಚಿದರೆ 15 ಕಿಲೋ ದಾಟುತ್ತದೆ, ಬಟ್ಟೆ ಹಚ್ಚಿದರೆ ಹತ್ತರ ಒಳಗೇ ಮುಗಿಯುತ್ತದೆ. 70 ಸಿಸಿಯ ಹಳೆ ಮೊಪೆಡ್ ಎಂಜಿನ್ ಕೂರಿಸಿದ ಗಾಡಿಗೆ ಈ ಆರು ಕಿಲೋ ಸಣ್ಣದಲ್ಲ. ರೆಸಿನ್ ಹೆಚ್ಚು ಸುರಿದರೆ ಗಟ್ಟಿಯಾಗುತ್ತದೆಂಬ ನಂಬಿಕೆ ಎಲ್ಲ ಕಡೆಯೂ ಇದೆ. ಶಕ್ತಿ ಇರುವುದು ನಾರಿನಲ್ಲಿ. ಮಿಕ್ಕ ರೆಸಿನ್ ಬರೀ ಭಾರ, ಮೇಲಾಗಿ ಬೇಗ ಸೀಳು ಬಿಡುತ್ತದೆ. ಉಬ್ಬುತಗ್ಗು ಮುಚ್ಚಲು ಬಳಿಯುವ ಪುಟ್ಟಿಯದೂ ಇದೇ ಕತೆ.

ಪಾಲಿಯೆಸ್ಟರ್ ರೆಸಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಕಟ್ಟಿಗೆಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬಿಸಿಲು, ನೀರು, ಅದಿರಾಟ ತಾಗಿ ವರ್ಷಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಎಣ್ಣೆಯಂಶವಿರುವ ಸಾಗವಾನಿಯ ಮೇಲಂತೂ ಕೇಳುವುದೇ ಬೇಡ. ಎಪಾಕ್ಸಿ ದುಬಾರಿ, ಆದರೆ ಕಟ್ಟಿಗೆಗೆ ಅದೇ ಸರಿ. ದುಡ್ಡು ಉಳಿಸಬೇಕೆಂದರೆ ಬಣ್ಣದಲ್ಲಿ ಉಳಿಸಲಿ. ರಾಯಚೂರು ಸೀಮೆಯ ಏಪ್ರಿಲ್‌, ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಕಲಸಿದ ರೆಸಿನ್ ಡಬ್ಬಿಯಲ್ಲೇ ಗಟ್ಟಿಯಾಗಿ ಹೊಗೆಯಾಡುವುದುಂಟು. ಬೆಳಗ್ಗೆ ಹೊತ್ತೇರುವ ಮುನ್ನ, ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಯಲ್ಲಿ ಹರವಿಕೊಂಡು ಮಾಡುವ ಕೆಲಸವಿದು. ಪಾಲಿಯೆಸ್ಟರಿಗೆ ಬೆರೆಸುವ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಇದನ್ನು ಹೇಳದೆ ಹುಡುಗರ ಕೈಗೆ ಡಬ್ಬಿ ಕೊಡುವವರನ್ನು ಕ್ಷಮಿಸಲಾಗದು. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ಸರಿಯಾದ ಮಾಸ್ಕೇ ಬೇಕು.

ಕರ್ನಾಟಕಕ್ಕೆ ಫೈಬರ್ ಮೈಯ ಗಾಡಿ ಹೊಸತಲ್ಲ. ಬೆಂಗಳೂರಿನ ಸಿಪಾನಿ ಕಂಪನಿ ಎಪ್ಪತ್ತರ ದಶಕದಲ್ಲೇ ಬಾದಲ್ ಎಂಬ ಮೂರು ಗಾಲಿಯ ಫೈಬರ್ ಕಾರು ತಂದಿತ್ತು. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಡಾಲ್ಫಿನ್ ಬಂತು. ಮರುವರ್ಷವೇ ಉಕ್ಕಿನ ಮೈಯ ಮಾರುತಿ 800 ಬಂದು ಪೇಟೆಯನ್ನೆಲ್ಲ ಆವರಿಸಿತು. ಮಾರಾಟದಲ್ಲಿ ಡಾಲ್ಫಿನ್ ಸೋತಿರಬಹುದು, ಆದರೆ ಅದರ ಕಟ್ಟೋಣದಲ್ಲಿ ನಮಗೆ ಪಾಠವಿದೆ: ಭಾರ ಹೊತ್ತದ್ದು ಕೆಳಗಿನ ಉಕ್ಕಿನ ಚಾಸಿ, ಫೈಬರು ಬರೀ ಹೊದಿಕೆ. ಮನೆಯ ಕಾರ್ಟಿಗೂ ಇದೇ ಕಟ್ಟಳೆ ಇರಬೇಕು. ಸೀಟು, ಬೆಲ್ಟು, ಸ್ಟೇರಿಂಗ್ ಯಾವುದನ್ನೂ ಕಟ್ಟಿಗೆಗೆ ಬಿಗಿಯಬಾರದು. ಕಾರ್ಖಾನೆಯವರು ಸಾವಿರಾರು ಮೈ ತೆಗೆಯಲು ಅಚ್ಚು ಮಾಡುತ್ತಾರೆ. ಒಂದೇ ಗಾಡಿಗೆ ಅಚ್ಚು ಮಾಡುವುದೆಂದರೆ ಮಾದರಿ, ಅಚ್ಚು, ಮೈ ಎಂದು ಮೂರು ಸಲ ಅದೇ ದುಡಿಮೆ. ಕಟ್ಟಿಗೆಯಲ್ಲೇ ಆಕಾರ ಕೊಟ್ಟು ಅದನ್ನು ಒಳಗೇ ಉಳಿಸಿಕೊಳ್ಳುವ ಕಿನ್ನಾಳದ ದಾರಿ ಇಲ್ಲಿ ಗೆಲ್ಲುತ್ತದೆ.

ನನ್ನ ದೊಡ್ಡ ತಕರಾರು ಅಕ್ಕಪಕ್ಕದ ಹೊದಿಕೆಯ ಬಗ್ಗೆ. ಫೈಬರ್ ತಗ್ಗು ಬೀಳುವುದಿಲ್ಲ, ಒಡೆಯುತ್ತದೆ. ಒಡೆದ ಅಂಚು ಚೂರಿಯಷ್ಟು ಹರಿತ. ಅಂತರರಾಷ್ಟ್ರೀಯ ಕಾರ್ಟಿಂಗ್ ನಿಯಮಗಳು ಮೈಗೆ ಚೂರಾಗದ ಪ್ಲಾಸ್ಟಿಕ್ಕನ್ನೇ ಕೇಳುವುದು ಸುಮ್ಮನೆ ಅಲ್ಲ. ಗಾಡಿಗೆ ಗಾಡಿ ಉಜ್ಜುವ ಜಾಗ, ಓಡಿಸುವವನ ತೊಡೆಯ ಪಕ್ಕ, ಅಲ್ಲಿ ಫೈಬರ್ ಇಡುವುದು ಜಾಣತನವಲ್ಲ. ದಪ್ಪ ಪ್ಲಾಸ್ಟಿಕ್ ಡ್ರಮ್ಮನ್ನು ಸೀಳಿ ಬಗ್ಗಿಸಿದರೂ ಅದಕ್ಕಿಂತ ವಾಸಿ, ನೋಡಲು ಚಂದವಿರದಿದ್ದರೂ. ಸೈಲೆನ್ಸರ್ ಬಳಿಯೂ ಫೈಬರ್ ಬೇಡ, ಅದು ಹೊತ್ತಿಕೊಂಡು ಉರಿಯುವ ವಸ್ತು. ಎಂಜಿನ್ ಮತ್ತು ಚೈನಿಗೆ ತಗಡಿನ ಮುಚ್ಚಳವೇ ಸಾಕು.

ತಳಕ್ಕೆ ಎಪಾಕ್ಸಿ ಕುಡಿಸಿದ ಪ್ಲೈವುಡ್ಡು, ಎರಡೂ ಬದಿ ಗಾಜಿನ ಬಟ್ಟೆ, ನೆಲಕ್ಕೆ ಉಜ್ಜುವ ಕಡೆ ಮಾತ್ರ ಇನ್ನೊಂದು ಪದರ. ಮೂತಿಗೆ ಹಗುರ ಕಟ್ಟಿಗೆಯ ಪಕ್ಕೆಲುಬುಗಳ ಮೇಲೆ ಅದೇ ಬಟ್ಟೆ, ರಬ್ಬರ್ ವಾಷರ್ ಹಾಕಿದ ನಾಲ್ಕು ಬೋಲ್ಟು; ಗುದ್ದಿದರೆ ಬಿಚ್ಚಿ ಬೇರೆಯದು ಹಾಕಬೇಕು. ಇಷ್ಟಕ್ಕೆ ನಿಲ್ಲಿಸುವ ಕಾರ್ಟನ್ನು ನಾನು ಹೊಗಳುತ್ತೇನೆ. ನೋಂದಣಿಯಿಲ್ಲದ ಇಂಥ ಗಾಡಿಯನ್ನು 150ಎ ಮೇಲೆ ಇಳಿಸುವುದು ಕಾನೂನಿಗೂ ಜೀವಕ್ಕೂ ವಿರುದ್ಧ. ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಜಿನ್ನಿಂಗ್ ಮಿಲ್ಲಿನ ಅಂಗಳ, ಮಾಲೀಕರು ಒಪ್ಪಿದರೆ, ಅದಕ್ಕೆ ಸರಿಯಾದ ಜಾಗ.