ಬೆಣ್ಣೆಯ ಘಮ

ಪುಸ್ತಕ ವಿಮರ್ಶೆ ಬರೆದು ಅಷ್ಟಿಷ್ಟು ಶತ್ರುಗಳನ್ನು ಸಂಪಾದಿಸಿದವನು ನಾನು. ಆದರೆ ನನ್ನ ಹೊಗಳಿಕೆಯಿಂದಲೇ ಒಬ್ಬನಿಗೆ ಕೆಡುಕಾದದ್ದು ಒಂದೇ ಸಲ. ಅದೂ ಪುಸ್ತಕದ ವಿಷಯದಲ್ಲಲ್ಲ, ಬಿಯರಿನ ವಿಷಯದಲ್ಲಿ.

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಮಗ ಬೆಂಗಳೂರಿನ ಮೈಕ್ರೋಬ್ರೂವರಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ತರಲು ಹೊರಟಿದ್ದ. ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಇಂಥ ಜಾಗಗಳು ನಮ್ಮಲ್ಲಿ ಬಂದದ್ದು 2010-11ರ ಸುಮಾರಿಗೆ. ಇಂದಿರಾನಗರದ ಟಾಯ್ಟ್ ಆ ಮೊದಲಿನವುಗಳಲ್ಲೊಂದು. ಆಮೇಲೆ ಬಡಾವಣೆಗೊಂದರಂತೆ ಎದ್ದವು. “ಅಂಕಲ್, ನಮ್ಮ ಹುಡುಗರೆಲ್ಲ ಒಂದೇ ಥರ ಬರೀತಾರೆ. ನಿಮ್ಮ ನಾಲಿಗೆ ಬೇರೆ. ನೀವೊಂದು ಐದು ಜಾಗ ಬರ್ಕೊಡಿ” ಎಂದ. ನಾಲಿಗೆ ಬೇರೆ ಎಂದಮೇಲೆ ಯಾವ ವಿಮರ್ಶಕ ತಾನೆ ಒಲ್ಲೆನೆನ್ನುತ್ತಾನೆ? ಒಪ್ಪಿಕೊಂಡೆ.

ಒಂದು ಜಾಗಕ್ಕೆ ಎಂಬತ್ತು ಪದ, ಐದಕ್ಕೆ ಇಷ್ಟು ಎಂದು ಅಂಕ. ಒಂದು ಸಂಜೆ, ಒಂದೆರಡು ಲೋಟ, ಮನೆಗೆ ಬಂದು ಬರೆದು ಕಳಿಸುವುದು. ನಾಲ್ಕನೆಯ ಜಾಗದಲ್ಲಿ ಕೆಂಬಣ್ಣದ ಒಂದು ಬಿಯರ್ ಕೊಟ್ಟರು. ಮೂಗಿನ ಹತ್ತಿರ ತಂದೊಡನೆ ಬೆಣ್ಣೆ ಘಮಘಮಿಸಿತು. ನಾನು ದಾವಣಗೆರೆಯವನು. ಬಿಸಿ ಹೆಂಚು, ದೋಸೆ, ಮೇಲೆ ಕರಗುವ ಬೆಣ್ಣೆಯ ಮುದ್ದೆ, ಎಲ್ಲವೂ ಕಣ್ಣಮುಂದೆ ಬಂದವು. ಇಂಗ್ಲಿಷಿನವರು ದ್ರಾಕ್ಷಿ, ಬಿಸ್ಕತ್ತು ಎಂದು ಬರೆಯುವಲ್ಲಿ ನಾನು ನನ್ನ ಊರನ್ನು ಬರೆದೆ. ಐದಕ್ಕೆ ಐದು ಅಂಕ ಕೊಟ್ಟೆ. ಆ ಐದು ಟಿಪ್ಪಣಿಗಳಲ್ಲಿ ಚೆನ್ನಾಗಿ ಬಂದದ್ದು ಅದೇ ಎಂದು ಈಗಲೂ ಅನ್ನಿಸುತ್ತದೆ. ಸಂಕಟವಿರುವುದು ಅಲ್ಲಿಯೇ.

ಕೈಪಿಡಿ ಬಂದು ಆರೇಳು ತಿಂಗಳಿಗೆ ಮತ್ತೆ ಅಲ್ಲಿಗೆ ಹೋದೆ. ನನ್ನ ಎಂಬತ್ತು ಪದಗಳು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದ್ದವು. ಬಿಯರ್ ತಯಾರಿಸುವ ಹುಡುಗ, ಹುಬ್ಬಳ್ಳಿ ಕಡೆಯವನು, ಪರಿಚಯ ಮಾಡಿಕೊಂಡು ಹತ್ತಿರ ಬಂದು ಕುಳಿತ. “ಸರ್, ನೀವು ಬೆಣ್ಣಿ ಅಂತ ಬರದೀರಲ್ರೀ, ಅದು ನಮ್ಮ ತಪ್ಪು” ಎಂದ.

ಆಮೇಲೆ ಅವನು ಬಿಡಿಸಿ ಹೇಳಿದ. ಬಾರ್ಲಿಯ ರಸವನ್ನು ಯೀಸ್ಟ್ ಹುಳಿಯಿಸುವಾಗ ಡಯಾಸಿಟೈಲ್ ಎಂಬ ವಸ್ತು ಉಂಟಾಗುತ್ತದೆ. ಮೊಸರು ಕಡೆದು ತೆಗೆದ ಬೆಣ್ಣೆಗೆ ಘಮ ಕೊಡುವುದೂ ಅದೇ. ಇನ್ನು ಕೆಲವು ದಿನ ಸುಮ್ಮನೆ ಬಿಟ್ಟರೆ ಯೀಸ್ಟ್ ತಾನೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಹೀರಿಕೊಂಡಿತೋ ಇಲ್ಲವೋ ನೋಡಲು ಒಂದಿಷ್ಟು ಬಿಯರನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ, ಆರಿಸಿ, ಮೂಸುತ್ತಾರೆ. ಬೆಣ್ಣೆ ಬಡಿದರೆ ಇನ್ನೂ ಕಾಯಬೇಕು. ನಾನು ಹೋದ ವಾರ ಇದ್ದ ನಾಲ್ಕು ತೊಟ್ಟಿಗಳಲ್ಲಿ ಮೂರು ಬರಿದಾಗಿದ್ದವಂತೆ. ವಾರಾಂತ್ಯದ ಜನ ಬರುವವರಿದ್ದರು. ಮಾಲೀಕರು ಕಾಯಲು ಬಿಡಲಿಲ್ಲ.

“ಆದರೆ ಬೊಹೀಮಿಯಾದ ಪಿಲ್ಸ್ನರ್‌ನಲ್ಲಿ ಈ ವಾಸನೆ ಸ್ವಲ್ಪ ಇರಬಹುದಲ್ಲಪ್ಪ?” ಎಂದೆ, ಓದಿದ್ದನ್ನು ನೆನಪಿಸಿಕೊಂಡು.

“ಬೇಕಂತ ಇಡೂದು ಬ್ಯಾರೆ ಸರ್, ಅವಸರಕ್ಕ ಉಳಿಯೂದು ಬ್ಯಾರೆ” ಎಂದ.

ನನ್ನ ಓದಿನ ಅಹಂಕಾರ ಅಲ್ಲಿಗೆ ಇಳಿಯಿತು. 1977ರಲ್ಲಿ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಬರೆದ ಮೈಕಲ್ ಜಾಕ್ಸನ್ (ಹಾಡುಗಾರನಲ್ಲ, ಇಂಗ್ಲೆಂಡಿನ ಪತ್ರಕರ್ತ) ಬಿಯರುಗಳನ್ನು ಬಗೆಬಗೆಯಾಗಿ ವಿಂಗಡಿಸಿದ. ಒಂದೊಂದನ್ನೂ ಅದರದರ ಧರ್ಮದಲ್ಲಿ ಅಳೆಯಬೇಕೆಂಬುದನ್ನು ಅನೇಕರು ಕಲಿತದ್ದು ಅವನಿಂದ. ಕತೆಯನ್ನು ಕಾದಂಬರಿಯ ಅಳತೆಗೋಲಿನಿಂದ ಅಳೆಯಬಾರದೆಂದು ನಾನೂ ಎಷ್ಟೋ ಸಲ ಬರೆದಿದ್ದೇನೆ. ಲೋಟ ಕೈಗೆ ಬಂದಾಗ ಮರೆತೆ. ಆ ಬಿಯರ್ ಏನಾಗಲು ಹೊರಟಿತ್ತೆಂದು ಕೇಳಲಿಲ್ಲ. ನನಗೇನು ನೆನಪಾಯಿತೆಂದಷ್ಟೇ ಬರೆದೆ.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಮಾಲೀಕರು ಗೋಡೆಯನ್ನು ತೋರಿಸಿ, “ಜನಕ್ಕೆ ಬೆಣ್ಣೆಯೇ ಬೇಕಂತೆ, ಇನ್ನು ಕಾಯುವುದೇಕೆ?” ಎಂದು ಪ್ರತಿ ಸಲವೂ ಬೇಗ ಇಳಿಸತೊಡಗಿದ್ದರು. ಹುಡುಗ ವಾದಿಸಿ ಸೋತಿದ್ದ. ನಾನು ಮೂರನೆಯ ಸಲ ಹೋದಾಗ ಅವನು ಕೆಲಸ ಬಿಟ್ಟಿದ್ದ. ಗೋಡೆಯ ಮೇಲೆ ನಾನು ಮಾತ್ರ ಇದ್ದೆ.

ಇಂಗ್ಲೆಂಡಿನಲ್ಲಿ ಕ್ಯಾಮ್ರಾ ಎಂಬ ಬಿಯರ್ ಪ್ರಿಯರ ಸಂಘವಿದೆ. 1971ರಲ್ಲಿ ಶುರುವಾದದ್ದು. ಅದರ ಸಾಮಾನ್ಯ ಸದಸ್ಯರೇ ಊರೂರು ಅಲೆದು ಕುಡಿದು ನೋಡಿ ‘ಗುಡ್ ಬಿಯರ್ ಗೈಡ್’ಗೆ ಮಾಹಿತಿ ಕೊಡುತ್ತಾರೆ. 1974ರ ಆವೃತ್ತಿಯಲ್ಲಿ ವಾಟ್ನಿ ಎಂಬ ದೊಡ್ಡ ಕಂಪನಿಯ ವಿಷಯ ಬರೆಯುವಾಗ ಪ್ಲೇಗಿನ ಹೋಲಿಕೆ ಕೊಟ್ಟಿದ್ದರು. ಅಚ್ಚಾದ ಪ್ರತಿಗಳನ್ನೇ ನಾಶಮಾಡಿ, ಪ್ಲೇಗನ್ನು ತೆಗೆದು ಮತ್ತೆ ಅಚ್ಚು ಹಾಕಿಸಬೇಕಾಯಿತು. ಬೈಗುಳವನ್ನು ತಡೆಯಲು ಹೀಗೆ ನೂರು ಜನರಿದ್ದಾರೆ. ಸುಳ್ಳು ಹೊಗಳಿಕೆಯನ್ನು ತಡೆಯಲು ಯಾರಿದ್ದಾರೆ? ಅದಕ್ಕೆ ಕಟ್ಟು ಹಾಕಿಸುತ್ತಾರೆ.

ನಮ್ಮ ಕೈಪಿಡಿಯ ದೊಡ್ಡ ದೋಷವೂ ಈಗ ಕಾಣುತ್ತದೆ. ಪುಸ್ತಕವನ್ನು ಹತ್ತು ವರ್ಷ ಬಿಟ್ಟು ತೆರೆದರೂ ಅದೇ ಅಕ್ಷರ. ಬಿಯರ್ ಹಾಗಲ್ಲ, ಈ ತೊಟ್ಟಿಯದು ಆ ತೊಟ್ಟಿಯದಲ್ಲ, ಸೋಮವಾರದ್ದು ಶನಿವಾರದ್ದಲ್ಲ. ಅಂಥದ್ದರ ಬಗ್ಗೆ ಬರೆದ ಕೈಪಿಡಿಯಲ್ಲಿ ಯಾವ ದಿನ ಕುಡಿದದ್ದು, ಎಷ್ಟು ಲೋಟ, ದುಡ್ಡು ಕೊಟ್ಟವರು ಯಾರು ಎಂಬ ಒಂದು ಮಾತೂ ಇಲ್ಲ. ತಯಾರಿಸಿದವನೊಡನೆ ಐದು ನಿಮಿಷ ಮಾತಾಡಿರಬೇಕೆಂಬ ನಿಯಮವೂ ಇರಲಿಲ್ಲ. ಇದ್ದಿದ್ದರೆ ಆ ಸಂಜೆಯೇ ನನಗೆ ತಿಳಿಯುತ್ತಿತ್ತು.

ಎರಡನೆಯ ಮುದ್ರಣಕ್ಕೆಂದು ತಿದ್ದುಪಡಿ ಕಳಿಸಿದೆ. “ಅಂಕಲ್, ಹೀಗೆ ಒಪ್ಪಿಕೊಂಡ್ರೆ ಇಡೀ ಪುಸ್ತಕದ ಮೇಲೆ ನಂಬಿಕೆ ಹೋಗುತ್ತೆ” ಎಂದು ಹುಡುಗ ಹಿಂಜರಿದ. ಒಪ್ಪಿಕೊಂಡರೆ ಉಳಿದದ್ದನ್ನಾದರೂ ನಂಬುತ್ತಾರೆ ಎಂದೆ. ಎರಡನೆಯ ಮುದ್ರಣ ಬರಲೇ ಇಲ್ಲ. ಆದ್ದರಿಂದ ತಿದ್ದುಪಡಿಯನ್ನು ಇಲ್ಲಿ ಮಾಡುತ್ತಿದ್ದೇನೆ: ಆ ಬಿಯರಿಗೆ ಇನ್ನೂ ಕೆಲವು ದಿನ ಬೇಕಿತ್ತು. ತಯಾರಿಸಿದವನಿಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.